ಬಾವಿಗೆ ಬಿಟ್ಟ ನಕ್ಷತ್ರ ಆಮೆ

ಒಂದು ಆಮೆಗೆ ನಾನು ತೆತ್ತದ್ದು ಅಕ್ಕನ ಮನೆಯ ಬಾಗಿಲು. ಅದೂ ನಾನು ಹಿಡಿಯದ, ಸಾಕದ, ಮಾರದ ಆಮೆ. ಸಂತೆಯಲ್ಲಿ ಆಡಬೇಕಾದ ಮಾತನ್ನು ಬರೆದುಕೊಳ್ಳುವವರ ಮುಂದೆ ಆಡಿದ್ದಕ್ಕೆ ಆ ಬೆಲೆ.

ನಾನು ಕುರಿ ದಲ್ಲಾಳಿ. ಒಂದು ಕಾಲಕ್ಕೆ ಬೇರೆಯವರ ಕುರಿ ಹೊಡೆದುಕೊಂಡು ಸಿರಾಕ್ಕೆ ನಡೆದೇ ಹೋಗುತ್ತಿದ್ದೆ. ಈಗ ಕೊರಟಗೆರೆಯಿಂದ ಪಾವಗಡದವರೆಗೆ ದೊಡ್ಡ ಮಂದೆ ಕೈ ಬದಲಾಗಬೇಕಾದರೆ ನನ್ನನ್ನೇ ಕರೆಯುತ್ತಾರೆ. ನಮ್ಮಲ್ಲಿ ನಿಜವಾದ ಬೆಲೆಯನ್ನು ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ಹೇಳುತ್ತೇವೆ. ಬಾಯಿಯಿಂದ ಬರುವುದೆಲ್ಲ ಹೊಗಳಿಕೆ. ಬಡಕಲು ಕುರಿಯನ್ನೂ ‘ಅವಳಿ ಮರಿ ಹಾಕ್ತದೆ ನೋಡು’ ಅನ್ನುತ್ತೇವೆ. ಕೊಳ್ಳುವವನು ನಂಬುವುದಿಲ್ಲ, ನಂಬಲಿ ಅಂತ ನಾವು ಹೇಳುವುದೂ ಇಲ್ಲ. ಇಬ್ಬರಿಗೂ ಗೊತ್ತಿರುವುದರಿಂದ ಅದು ಮೋಸವಲ್ಲ.

ಅಕ್ಕನ ಮನೆ ದೊಡ್ಡೇರಿ ಕಡೆ. ಭಾವ ಕುರಿ ಕಾಯುತ್ತಾರೆ, ಮಾತು ಕಡಿಮೆ. ಕೆಲವು ವರ್ಷದ ಹಿಂದೆ ಕಡಲೆಕಾಯಿ ಹೊಲದ ಬದುವಿನಲ್ಲಿ ಅವರಿಗೆ ಆ ಆಮೆ ಸಿಕ್ಕಿತು. ಬೆನ್ನಿನ ಮೇಲೆ ಹಳದಿ ಗೆರೆಗಳ ನಕ್ಷತ್ರ. ಮನೆಗೆ ಬಂದ ಲಕ್ಷ್ಮಿ ಅಂತ ಅಕ್ಕ ಶುಕ್ರವಾರ ಅದರ ಬೆನ್ನಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಪಾಪಾಸುಕಳ್ಳಿ ಹಣ್ಣು ತಿಂದು ಮೂತಿ ಕೆಂಪು ಮಾಡಿಕೊಂಡು ಕುರಿಗಳ ನಡುವೆಯೇ ಓಡಾಡಿಕೊಂಡಿರುತ್ತಿತ್ತು. ಒಂದು ಸಲ ಬಚ್ಚಲ ಪಕ್ಕ ಗುಂಡಿ ತೋಡಿ ನಾಲ್ಕು ಮೊಟ್ಟೆ ಇಟ್ಟಿತು. ಜೊತೆಗೆ ಗಂಡಿರಲಿಲ್ಲ, ಮರಿಯಾಗಲಿಲ್ಲ, ಇರುವೆ ತಿಂದುಹೋದವು. ಕಾರಿನಲ್ಲಿ ಬಂದ ಒಬ್ಬ ‘ಇಂಥವು ಎಷ್ಟಿದ್ದರೂ ಹಿಡಿದುಕೊಡಿ, ನಾನು ತಗೋತೀನಿ’ ಅಂದಾಗ ಭಾವ, ‘ಲಕ್ಷ್ಮೀನ ಯಾರಾದ್ರೂ ಮಾರ್ತಾರೇನಯ್ಯಾ? ಹೋಗು’ ಅಂತ ಅಟ್ಟಿದ್ದರು.

ಮೊನ್ನೆ ಬೇಸಿಗೆಯಲ್ಲಿ ಅರಣ್ಯ ಇಲಾಖೆಯವರು ಕೊಡಿಗೇನಹಳ್ಳಿಯಲ್ಲಿ ಒಂದು ಸಭೆ ಕರೆದರು. ನಮ್ಮ ಕಡೆಯಿಂದ ಆಮೆ ಹಿಡಿದು ಸಾಗಿಸುವುದು ಹೆಚ್ಚಾಗಿದೆ, ಏನು ಮಾಡಬೇಕೆಂದು ಜನರೇ ಹೇಳಲಿ ಅಂತ. ಬಂದಿದ್ದ ಅರಣ್ಯಾಧಿಕಾರಿ ಮೆತ್ತಗಿನ ಮನುಷ್ಯ, ತೊಡೆಯ ಮೇಲೆ ನೋಟ್ ಪುಸ್ತಕ ಇಟ್ಟುಕೊಂಡು ಕೂತಿದ್ದರು.

ತೆಲುಗು ಬೆರೆಸಿ ಮಾತಾಡುವ ಪಾವಗಡದ ರೈತರೊಬ್ಬರು ಮೊದಲು ಎದ್ದರು. “ಸಾರ್, ಚೀಲದಲ್ಲಿ ಎರಡು ಹಿಡ್ಕೊಂಡು ಹೋದೋನು ಜೈಲಿಗೆ ಹೋಗ್ತಾನೆ. ಕಾರಲ್ಲಿ ತುಂಬ್ಕೊಂಡು ಹೋದೋನ ಹೆಸರೂ ಗೊತ್ತಿರಲ್ಲ. ಇದೇಂ ನ್ಯಾಯಂ ಸಾರ್?”

ಸಭೆ ಹೌದು ಹೌದು ಅಂದಿತು. ನಾನು ಎದ್ದೆ. “ಪೂರ್ತಿ ಬೇಡ ಅಂದ್ರೆ ಕಳ್ಳರು ಹೆಚ್ತಾರೆ ಸಾರ್. ಲೈಸೆನ್ಸ್ ಕೊಡಿ. ಕುರಿ ಸಾಕ್ದಂಗೆ ಮನೇಲೇ ಸಾಕಿ ಮರಿ ಮಾಡ್ಲಿ, ಅದ್ನೇ ಮಾರ್ಲಿ. ಕಾಡಿನದ್ನ ಯಾರು ಮುಟ್ತಾರೆ?”

ನಿವೃತ್ತ ಮೇಷ್ಟ್ರು ಒಬ್ಬರು ನಕ್ಕರು. “ಅಲ್ಲಯ್ಯಾ, ಹೊಲದಲ್ಲಿ ಹಿಡಿದದ್ದನ್ನು ತಂದು ‘ಮನೇಲಿ ಹುಟ್ಟಿದ್ದು’ ಅಂದರೆ ಗುರುತಿಸೋದು ಹೇಗೆ? ಆಮೆ ಬಾಯಿ ಬಿಡುತ್ತಾ? ಸಾಕಿದವನ ಮಾತನ್ನೇ ನಂಬಬೇಕು. ಮಾತನ್ನು ನಂಬಬಹುದೇನು?”

ಜನ ನಕ್ಕುಬಿಟ್ಟರು. ನನಗೆ ಸೋತು ಕೂತು ಅಭ್ಯಾಸವಿಲ್ಲ. “ಯಾಕ್ ನಂಬಬಾರ್ದು ಮೇಷ್ಟ್ರೇ? ದೊಡ್ಡೇರಿ ಕಡೆ ನಮ್ ಭಾವನ ಮನೇಲೇ ಒಂದೈತೆ. ಎಂಟು ಮರಿ ಮಾಡೈತೆ, ಎಂಟೂ ಗಟ್ಟಿಮುಟ್ಟಾಗವೆ!”

ಚಪ್ಪಾಳೆ ಬಿತ್ತು. ಕುರಿ ಮಾರಿದಷ್ಟೇ ಖುಷಿಯಿಂದ ಕೂತೆ. ಪಕ್ಕದಲ್ಲಿದ್ದ ಪಾವಗಡದವರು ಮೊಣಕೈಯಿಂದ ತಿವಿದು, ಚೆನ್ನಾಗಿ ಮಾತಾಡಿದೆ ಅಂತ ತೆಲುಗಿನಲ್ಲೇ ಮೆಚ್ಚಿದರು. “ಬಾಗಾ ಮಾಟ್ಲಾಡಿನಾವು ಅಣ್ಣಾ. ಆದ್ರೆ ಆ ಆಫೀಸರಯ್ಯ ಬರ್ಕೊಂಡ್ರು, ನೋಡ್ದಾ?”

ನಕ್ಷತ್ರ ಆಮೆಯನ್ನು ಮಾರುವುದಷ್ಟೇ ಅಲ್ಲ, ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ ಅಂತ ಆಗ ನೆನಪಾಯಿತು. ಹೊರಗೆ ಬಂದವನೇ ಅಕ್ಕನಿಗೆ ಫೋನ್ ಮಾಡಿದೆ. ಭಾವ ಇನ್ನೂ ಕುರಿ ಹಿಂದೆ ಇದ್ದರು.

“ಅಕ್ಕಯ್ಯಾ, ಆ ಆಮೇನ ಈಗಿಂದೀಗ್ಲೇ ಬಾವಿಗೆ ಬುಟ್ಬುಡು. ಅರಣ್ಯದೋರು ಬರ್ಬೋದು.”

“ಬಾವಿಗಾ? ಇದು ನೆಲದ್ದು ಕಣ್ಲಾ. ನೀರು ಕಂಡ್ರೆ ಹಿಂದಕ್ಕೆ ಸರೀತದೆ.”

“ನಮ್ ಬಾವಿಗಳಲ್ಲಿ ಆಮೆ ಇಲ್ವಾ? ನೀರು ತಿಳಿಯಾಗಿರ್ಲಿ ಅಂತ ಅಪ್ಪನೇ ತಂದು ಬಿಡ್ತಿರ್ಲಿಲ್ವಾ? ಅವುಗಳ ಜೊತೆ ಇದೂ ಒಂದು. ಆಮೆ ಅಂದ್ಮೇಲೆ ಈಜ್ದೆ ಇರ್ತದಾ? ಬುಡು.”

ನಾಲ್ಕು ತಾಲ್ಲೂಕಿಗೆ ಬುದ್ಧಿ ಹೇಳುವ ತಮ್ಮ. ನಂಬಿದಳು, ಬಿಟ್ಟಳು.

ಮಾರನೆಯ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಜೀಪು ಬಂದು ನಿಂತಿತ್ತು. ಆಮೆ ಬಾವಿಯಲ್ಲಿ ಮಗುಚಿಕೊಂಡು ತೇಲುತ್ತಿತ್ತು. ಮೇಲೆತ್ತಿದಾಗ ಬೆನ್ನಿನ ಕುಂಕುಮ ಇನ್ನೂ ಪೂರ್ತಿ ಹೋಗಿರಲಿಲ್ಲ. “ಕತ್ಲಾಗೋವರ್ಗೂ ಕಲ್ಲಿಗೆ ಉಗುರು ಕೆರೀತಾನೇ ಇತ್ತು ಕಣ್ಲಾ,” ಅಂದಳು ಅಕ್ಕ. “ಬಕೀಟು ಇಳಿಸ್ದೆ, ಹತ್ತಕ್ಕಾಗ್ಲಿಲ್ಲ.”

ಸತ್ತ ಆಮೆಗಿಂತ ಅಧಿಕಾರಿಗೆ ಬೇಕಾದದ್ದು ಬದುಕಿರುವ ಮರಿಗಳು.

“ಎಂಟು ಮರಿ ಎಲ್ಲಿ? ಯಾರಿಗೆ ಮಾರಿದಿರಿ?”

ಭಾವ ನನ್ನ ಮುಖ ನೋಡಿದರು. “ಯಾವ ಮರಿ ಸಾರ್?”

“ಅದು ಸುಮ್ಮನೆ ಮಾತಿಗೆ ಹೇಳಿದ್ದು ಸಾರ್, ಸಂತೇಲಿ ಹೇಳ್ದಂಗೆ,” ಅಂದೆ.

“ನಿನ್ನೆ ಹೇಳಿದ್ದು ಸುಳ್ಳೋ, ಇವತ್ತು ಹೇಳುತ್ತಿರುವುದು ಸುಳ್ಳೋ? ನಾನು ಯಾವುದನ್ನು ಬರೆದುಕೊಳ್ಳಲಿ?” ಅಂದರು ಅವರು. ದನಿ ಏರಿಸಲೂ ಇಲ್ಲ. ಮೇಷ್ಟ್ರ ಪ್ರಶ್ನೆಗೆ ನನ್ನ ಬಾಯಿಯೇ ಉತ್ತರ ಕೊಟ್ಟಿತ್ತು. ಸಾಕಿದವನ ಮಾತನ್ನು ನಂಬಿ ಲೈಸೆನ್ಸ್ ಕೊಡಬಾರದು ಎನ್ನುವುದಕ್ಕೆ ನನಗಿಂತ ಒಳ್ಳೆಯ ಸಾಕ್ಷಿ ಆ ಸಭೆಯಲ್ಲಿ ಇರಲಿಲ್ಲ.

ಭಾವನನ್ನು ಕರೆದುಕೊಂಡು ಹೋದರು. ಜಾಮೀನು ಸಿಕ್ಕಿದೆ, ಕೇಸು ಮುಗಿದಿಲ್ಲ. ಮಧುಗಿರಿ ಕೋರ್ಟಿನಲ್ಲಿ ವಾಯಿದೆ ಇದ್ದ ದಿನ ಕುರಿ ಬೇರೆಯವರಿಗೆ ಒಪ್ಪಿಸಿ ಬಂದು ಹುಣಸೆಮರದ ಕೆಳಗೆ ಒಬ್ಬರೇ ಕೂರುತ್ತಾರೆ. ನಾನು ಹತ್ತಿರ ಹೋದರೆ ಎದ್ದು ಆಚೆ ಕೂರುತ್ತಾರೆ. ಒಮ್ಮೆ ಮನೆಗೇ ಹೋದೆ. ಅಕ್ಕ ಹೊಸಿಲ ಮೇಲೆ ನಿಂತು, “ಬಂದ್ಬುಟ್ಟೆಯಾ, ಬುದ್ಧಿ ಹೇಳಕ್ಕೆ?” ಅಂದು ಬಾಗಿಲು ಹಾಕಿಕೊಂಡಳು. ಕಾರಿನಲ್ಲಿ ಬಂದಿದ್ದವನು ಯಾವ ಸಭೆಗೂ ಬಂದಿರಲಿಲ್ಲ, ಯಾವ ಪುಸ್ತಕದಲ್ಲೂ ಅವನ ಹೆಸರಿಲ್ಲ.

ಕೇಳದಿದ್ದರೂ ಹೇಳುತ್ತೇನೆ, ಅದು ನನ್ನ ರೋಗ. ಹೊಲದಲ್ಲಿ ಆಮೆ ಕಂಡರೆ ಅಲ್ಲೇ ಬಿಡಿ, ಲಕ್ಷ್ಮಿ ನಿಮ್ಮ ಮನೆಗೆ ಬೇರೆ ದಾರಿಯಲ್ಲಿ ಬರಲಿ. ಈಗಾಗಲೇ ಮನೆಯಲ್ಲಿದ್ದರೆ ಬಚ್ಚಿಡಬೇಡಿ. ಮೊದಲು ಒಬ್ಬ ವಕೀಲರನ್ನು ಕಂಡು, ಅವರ ಜೊತೆಯಲ್ಲೇ ಹೋಗಿ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಬರಹದಲ್ಲಿ ರಸೀತಿ ಕೇಳಿ. ಸಭೆ ಕರೆದರೆ ಖಂಡಿತ ಹೋಗಿ. ತಾವಾಗಿ ತಂದೊಪ್ಪಿಸುವ ಬಡವರ ಮೇಲೆ ಕೇಸು ಹಾಕದಂಥ ಒಂದು ಗಡುವು ಕೊಡಿ, ಕೊಳ್ಳುವವನನ್ನು ಮೊದಲು ಹಿಡಿಯಿರಿ ಅಂತ ಗಟ್ಟಿಯಾಗಿ ಕೇಳಿ. ನಾನು ಅವತ್ತು ಕೇಳಬೇಕಾಗಿದ್ದದ್ದು ಇಷ್ಟೇ. ಆದರೆ ನೆಂಟರ ಮನೆಯ ಉದಾಹರಣೆ ಕೊಡಬೇಡಿ. ನಾಲ್ಕು ಮೊಟ್ಟೆ ಕಂಡಿದ್ದರೆ ನಾಲ್ಕು ಮೊಟ್ಟೆ ಅಂತಲೇ ಹೇಳಿ.

ಇನ್ನೊಂದು. ಯಾರಾದರೂ ಬಾವಿಗೆ ಬಿಡು ಅಂದರೆ, ಮೊದಲು ಅದರ ಕಾಲು ನೋಡಿ. ಬೆರಳ ನಡುವೆ ಚರ್ಮವಿಲ್ಲದೆ ಆನೆಯ ಕಾಲಿನಂತೆ ಮೊಂಡಾಗಿದ್ದರೆ ಅದಕ್ಕೆ ಈಜು ಬರುವುದಿಲ್ಲ. ಹೇಳಿದವನು ನಿಮ್ಮ ತಮ್ಮನೇ ಆಗಿದ್ದರೂ ಕೇಳಬೇಡಿ.