ಅತ್ತೆಯ ಚಳಿಗೆ ಒಂದು ಸ್ವೆಟರ್

ತಿರುವನಂತಪುರದಲ್ಲಿ ನನ್ನದು ಅನುವಾದದ ಕೆಲಸ. ಮಲಯಾಳದಲ್ಲಿ ಬರುವ ಸರಕಾರಿ ಆದೇಶಗಳನ್ನು ಕಾಸರಗೋಡಿನ ಕಚೇರಿಗಳಿಗಾಗಿ ಕನ್ನಡಕ್ಕೆ ತರುವುದು. ಗಂಡನ ಕೆಲಸ ಕೊಚ್ಚಿಯಲ್ಲಿ, ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಹಡಗು ವ್ಯವಹಾರದ ಕಚೇರಿಯಲ್ಲಿ. ಮನೆಯೂ ಅಲ್ಲೇ, ಎಡಪ್ಪಳ್ಳಿಯ ಹತ್ತಿರ. ಕೊಚ್ಚಿಯಲ್ಲಿ ಕನ್ನಡ ಅನುವಾದಕಿಗೆ ಹುದ್ದೆಯಿಲ್ಲ, ತಿರುವನಂತಪುರದಲ್ಲಿ ಹಡಗಿಲ್ಲ. ಹಾಗಾಗಿ ಶುಕ್ರವಾರ ಸಂಜೆ ತಿರುವನಂತಪುರದ ತಂಪಾನೂರಿನಲ್ಲಿ ರೈಲು ಹತ್ತುವುದು, ಭಾನುವಾರ ಸಂಜೆ ಕೊಚ್ಚಿಯ ಎರ್ನಾಕುಳಂನಲ್ಲಿ ಮತ್ತೆ ಹತ್ತುವುದು. ವರ್ಷಗಟ್ಟಲೆ ನನ್ನ ಬದುಕು ಹೀಗೇ ನಡೆದಿದೆ. ಮೊದಮೊದಲು ರೈಲಿನಲ್ಲಿ ಪುಸ್ತಕ ಓದುತ್ತಿದ್ದೆ. ದಿನವಿಡೀ ಅಕ್ಷರಗಳನ್ನೇ ನೋಡಿದ ಕಣ್ಣು ಆಮೇಲೆ ಓದಲು ಒಪ್ಪಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಕೂರುತ್ತಿದ್ದೆ. ಹಿನ್ನೀರಿನ ಕಾಯಲ್, ತೆಂಗು, ಮತ್ತೆ ಕಾಯಲ್.

ಸ್ವೆಟರ್ ಹೆಣೆಯುವುದನ್ನು ನನಗೆ ಕಲಿಸಿದವರು ನನ್ನ ಬಾಡಿಗೆ ಕೋಣೆಯ ಮನೆಯೊಡತಿ. ನಾನು ಅವರನ್ನು ಚೇಚಿ, ಅಂದರೆ ಅಕ್ಕ, ಎನ್ನುತ್ತೇನೆ. ನಿವೃತ್ತ ನರ್ಸ್. ಹರೆಯವೆಲ್ಲ ಉತ್ತರದ ಗುಡ್ಡಗಾಡಿನ ಆಸ್ಪತ್ರೆಗಳಲ್ಲಿ ಕಳೆದವರು. ಅಲ್ಲಿನ ಚಳಿಗೆ ಕಲಿತ ವಿದ್ಯೆಯನ್ನು ಇಲ್ಲಿನ ಸೆಕೆಯಲ್ಲೂ ಬಿಟ್ಟಿರಲಿಲ್ಲ. ಸಂಜೆ ಜಗುಲಿಯಲ್ಲಿ ಫ್ಯಾನಿನ ಕೆಳಗೆ ಕುಳಿತು ದೂರದ ಸಂಬಂಧಿಕರ ಮಕ್ಕಳಿಗೆ ಹೆಣೆಯುತ್ತಿದ್ದರು. ನಾನು ಕಚೇರಿಯಿಂದ ಬಂದು ಮೆಟ್ಟಿಲ ಮೇಲೆ ಕುಸಿದು ಕೂರುವುದನ್ನು ದಿನಾ ನೋಡುತ್ತಿದ್ದವರು ಒಂದು ದಿನ ಎರಡು ಕಡ್ಡಿ, ಒಂದು ಉಂಡೆ ಉಲ್ಲನ್ ನನ್ನ ಮಡಿಲಿಗೆ ಹಾಕಿದರು.

ಮೊದಲು ಕಲಿಸಿದ್ದು ಬೆರಳಿಲ್ಲದ ಕೈಗವಸು. ಚಿಕ್ಕ ಕೆಲಸ, ಬೇಗ ಮುಗಿಯುತ್ತದೆ, ಕಲಿಯುವವರಿಗೆ ಬೇಸರ ಬರುವುದಿಲ್ಲ ಎಂದರು. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ, ಹೆಬ್ಬೆರಳಿಗೆ ಒಂದು ಕಂಡಿ. ನನ್ನ ಮೊದಲ ಜೋಡಿಯಲ್ಲಿ ಒಂದು ಮಣಿಕಟ್ಟಿನ ತನಕ ಬಂತು, ಇನ್ನೊಂದು ಮೊಣಕೈಯ ಹತ್ತಿರ ಹೋಯಿತು. ಆದರೂ ಅದನ್ನೇ ಕಚೇರಿಗೆ ಒಯ್ದೆ. ಅಲ್ಲಿ ನನ್ನ ಮೇಜು ಏಸಿಯ ನೇರ ಕೆಳಗಿತ್ತು. ಟೈಪ್ ಮಾಡುವಾಗ ಕೈ ಮರಗಟ್ಟುತ್ತಿತ್ತು. ಕೈಗವಸು ಹಾಕಿ ಕುಳಿತ ನನ್ನನ್ನು ನೋಡಿ ಪಕ್ಕದ ಮೇಜಿನವರು ಹಿಮಾಲಯಕ್ಕೆ ಹೊರಟಿರಾ ಎಂದು ನಕ್ಕರು. ನಾನೂ ನಕ್ಕೆ. ಬೆರಳು ಮಾತ್ರ ಬೆಚ್ಚಗಿತ್ತು.

ಆಮೇಲೆ ರೈಲಿನಲ್ಲೂ ಹೆಣೆಯತೊಡಗಿದೆ. ಯಾರಿಗೆ ಎಂದೇನಿಲ್ಲ. ಹೆಣೆಯುವಾಗ ಯಾವ ಶಬ್ದಕ್ಕೂ ಇನ್ನೊಂದು ಶಬ್ದ ಹುಡುಕಬೇಕಿರಲಿಲ್ಲ. ನನಗೆ ಅಷ್ಟೇ ಬೇಕಾಗಿತ್ತು.

ಆ ವರ್ಷದ ಮಳೆಗಾಲದಲ್ಲಿ ಅತ್ತೆಗೆ ಪಾರ್ಶ್ವವಾಯು ಆಯಿತು. ಕಾಸರಗೋಡಿನಲ್ಲಿ ಮೈದುನನ ಮನೆಯಲ್ಲಿದ್ದವರನ್ನು ಚಿಕಿತ್ಸೆಗೆಂದು ಕೊಚ್ಚಿಗೆ ಕರೆತಂದೆವು. ಆಸ್ಪತ್ರೆಯಿಂದ ಬಿಟ್ಟ ಮೇಲೆ ನಮ್ಮಲ್ಲೇ ಉಳಿದರು. ಮಾತು ಸ್ವಲ್ಪ ತೊದಲುತ್ತಿತ್ತು, ಬುದ್ಧಿ ಚುರುಕಾಗಿಯೇ ಇತ್ತು. ಎಡಗೈ ಮಾತ್ರ ಮೊಣಕೈಯಲ್ಲಿ ಮಡಚಿ ಎದೆಗೆ ಅಂಟಿಕೊಂಡು, ಬೆರಳುಗಳು ಮುಷ್ಟಿ ಕಟ್ಟಿ ಉಳಿದುಬಿಟ್ಟವು. ವಾರದ ದಿನಗಳಲ್ಲಿ ಹಗಲು ನೋಡಿಕೊಳ್ಳಲು ಒಬ್ಬ ಹೆಂಗಸು ಬರುತ್ತಿದ್ದಳು. ಅತ್ತೆ ಕನ್ನಡದಲ್ಲಿ ಗೊಣಗುವುದು, ಅವಳು ಮಲಯಾಳದಲ್ಲಿ ಉತ್ತರ ಕೊಡುವುದು, ಇಬ್ಬರ ಜಗಳವೂ ಸುಸೂತ್ರವಾಗಿ ನಡೆಯುತ್ತಿತ್ತು. ಶನಿವಾರ, ಭಾನುವಾರ ನನ್ನ ಪಾಳಿ.

ಅತ್ತೆಗೂ ನನಗೂ ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ. ಮಗ ಒಬ್ಬನೇ ಬೇಯಿಸಿಕೊಂಡು ತಿನ್ನುತ್ತಾನೆ, ಸೊಸೆ ಇನ್ನೊಂದು ಊರಿನಲ್ಲಿ ಕೆಲಸ ಮಾಡುತ್ತಾಳೆ ಎಂದು ನೆಂಟರ ಮನೆಗಳಲ್ಲಿ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ವರ್ಷಕ್ಕೆರಡು ಸಲ ಹೋಗುತ್ತಿದ್ದೆ, ಕಾಲು ಮುಟ್ಟುತ್ತಿದ್ದೆ, ಬರುತ್ತಿದ್ದೆ.

ಇಲ್ಲಿಗೆ ಬಂದ ಕೆಲವು ತಿಂಗಳಲ್ಲಿ ಅತ್ತೆಗೆ ಚಳಿ ಶುರುವಾಯಿತು. ಜ್ವರವಿಲ್ಲ. ಹೊರಗೆ ನಾವೆಲ್ಲ ಬೆವರಿ ಅಂಗಿ ಬದಲಾಯಿಸುವಾಗ ಅವರು ಫ್ಯಾನ್ ನಿಲ್ಲಿಸಿ ಎನ್ನುವರು. ಎರಡು ಹೊದಿಕೆ ಹೊದೆಸಿದರೂ ಸಾಲದು. ಗಂಡ ಎಡಪ್ಪಳ್ಳಿಯ ಮಾಲಿಗೆ ಹೋಗಿ ಸ್ವೆಟರ್ ಹುಡುಕಿದರು. ವಿದೇಶಕ್ಕೆ ಹೋಗುವವರ ದಪ್ಪ ಜಾಕೆಟ್ ಇತ್ತು, ಕಾಲೇಜು ಹುಡುಗಿಯರ ಹೊಟ್ಟೆ ಕಾಣುವ ಸ್ವೆಟರ್ ಇತ್ತು, ಮಡಚಿದ ಕೈಯ ಮುದುಕಿಗೆ ಆಗುವಂಥದ್ದು ಇರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಅವರ ಮಂಚದ ಪಕ್ಕ ಕುಳಿತು ಹೆಣೆಯುತ್ತಿದ್ದೆ. ಅತ್ತೆ ತುಂಬ ಹೊತ್ತು ನೋಡಿ ಕೇಳಿದರು.

"ಅದು ಯಾರಿಗೆ?"

"ಯಾರಿಗೂ ಅಲ್ಲ ಅತ್ತೆ. ಸುಮ್ಮನೆ."

"ಸುಮ್ಮನೆ ಎಂತಕ್ಕೆ ಮಾಡ್ತಿ? ನನಗೆ ಮಾಡಿ ಕೊಡು."

ಮದುವೆಯಾದಂದಿನಿಂದ ಅವರು ನನ್ನಲ್ಲಿ ಏನನ್ನೂ ಬೇಕೆಂದು ಕೇಳಿರಲಿಲ್ಲ. ತಂದುಕೊಟ್ಟ ಸೀರೆಯನ್ನೂ ಇನ್ಯಾರಿಗಾದರೂ ಕೊಟ್ಟುಬಿಡುತ್ತಿದ್ದರು. ನಾನು ಆ ವಾರವೇ ತಂಪಾನೂರಿನ ಬಸ್ ನಿಲ್ದಾಣದ ಹಿಂದಿನ ಕಸೂತಿ ದಾರದ ಅಂಗಡಿಯಲ್ಲಿ ಉಲ್ಲನ್ ಕೊಂಡೆ. ಕಂದು ಬಣ್ಣ, ಕೊಳೆ ಕಾಣದಿರಲಿ ಎಂದು. ಉಂಡೆಗಳು ಮುಗಿದಿದ್ದವು, ಲಡಿಗಳಷ್ಟೇ ಇದ್ದವು.

ಲಡಿಯನ್ನು ಉಂಡೆ ಮಾಡಲು ಇಬ್ಬರು ಬೇಕು. ಒಬ್ಬರು ಎರಡು ಕೈ ಚಾಚಿ ಹಿಡಿಯಬೇಕು, ಇನ್ನೊಬ್ಬರು ಸುತ್ತಬೇಕು. ಶನಿವಾರ ಅದನ್ನು ಕೊಚ್ಚಿಗೆ ತಂದಾಗ ಗಂಡ ಮನೆಯಲ್ಲಿರಲಿಲ್ಲ. ನಾನು ಕುರ್ಚಿಯ ಬೆನ್ನಿಗೆ ಸಿಕ್ಕಿಸಲು ಹೋದಾಗ ಅತ್ತೆ ಬಲಗೈಯಿಂದ ತಮ್ಮ ಎಡಗೈಯನ್ನು ತೋರಿಸಿದರು.

"ಇದಕ್ಕೆ ಹಾಕು. ಹೇಗೂ ಅಲ್ಲಾಡುವುದಿಲ್ಲ. ಗೂಟದ ಹಾಗೆ ಉಂಟು."

ದಿಂಬಿಗೆ ಒರಗಿ ಕುಳಿತ ಅವರ ಮಡಚಿದ ಕೈಗೆ ಲಡಿಯ ಒಂದು ತುದಿ, ಚಾಚಿದ ಬಲಗೈಗೆ ಇನ್ನೊಂದು ತುದಿ. ನಾನು ಸುತ್ತುತ್ತ ಹೋದೆ. ನೂಲು ಸಡಿಲವಾದಾಗಲೆಲ್ಲ ಅವರು ಬಲಗೈಯನ್ನು ದೂರ ಸರಿಸಿ ಬಿಗಿ ಮಾಡುತ್ತಿದ್ದರು. ಆ ಮಧ್ಯಾಹ್ನ ಅವರು ಚಳಿ ಎನ್ನಲಿಲ್ಲ.

ಸ್ವೆಟರಿಗೆ ತಿಂಗಳುಗಳೇ ಹಿಡಿದವು. ರೈಲಿನಲ್ಲಿ ಸೀಟು ಸಿಕ್ಕಿದರೆ ಹೆಣೆಯುತ್ತಿದ್ದೆ, ಸಿಗದಿದ್ದರೆ ಬಾಗಿಲ ಹತ್ತಿರ ಚೀಲ ತಬ್ಬಿ ನಿಲ್ಲುತ್ತಿದ್ದೆ. ಎಷ್ಟೋ ಸಲ ತೂಕಡಿಸಿ ಕುಣಿಕೆಗಳು ಕಡ್ಡಿಯಿಂದ ಜಾರಿದವು. ಮೊದಲು ಯಾರಿಗೂ ಅಲ್ಲವೆಂದು ಹೆಣೆಯುವಾಗ ಇದ್ದ ಹಗುರ ಈಗಿರಲಿಲ್ಲ. ಪ್ರತಿ ಶನಿವಾರ ಅತ್ತೆ ಎಷ್ಟಾಯಿತು ಎಂದು ಕೇಳುವರು. ಮೇಲಧಿಕಾರಿಯೂ ಫೈಲಿನ ಬಗ್ಗೆ ಅದನ್ನೇ ಕೇಳುತ್ತಿದ್ದರು.

ಕೊನೆಗೆ ಮುಗಿಯಿತು. ತಲೆಯ ಮೇಲಿಂದ ಹಾಕುವ ಸ್ವೆಟರ್. ಶನಿವಾರ ಬೆಳಿಗ್ಗೆ ಅತ್ತೆಯನ್ನು ಕೂರಿಸಿ ಗಂಡ ಬೆನ್ನ ಹಿಂದೆ ಹಿಡಿದುಕೊಂಡರು, ನಾನು ಹಾಕಲು ನೋಡಿದೆ. ತಲೆ ಬಂತು, ಬಲಗೈ ಬಂತು. ಎಡಗೈ ಬರಲಿಲ್ಲ. ಮಡಚಿದ ಮೊಣಕೈ ತೋಳಿನೊಳಗೆ ತಿರುಗುತ್ತಲೇ ಇರಲಿಲ್ಲ. ಸ್ವಲ್ಪ ಎಳೆದೆ. ಅತ್ತೆ ನರಳಿದರು. ಮುಖ ಉಲ್ಲನ್ನಿನೊಳಗೆ ಸಿಕ್ಕಿ, ಉಸಿರು ಕಟ್ಟಿದ ಹಾಗಾಗಿ, ತೆಗೆ ತೆಗೆ ಎಂದರು. ತೆಗೆದೆ. ಕತ್ತರಿಯಿಂದ ಮುಂದುಗಡೆ ಕತ್ತರಿಸಿದರೆ ಆಗುವುದಿಲ್ಲವೇ ಎಂದು ಗಂಡ ಕೇಳಿದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ನಿಂತೆ. ಅಳು ಬರಲಿಲ್ಲ. ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಳಿತೆ.

ಆ ಭಾನುವಾರ ಅದನ್ನು ತಿರುಗಿ ತಿರುವನಂತಪುರಕ್ಕೆ ಒಯ್ದೆ. ಚೇಚಿ ಬಿಡಿಸಿ ನೋಡಿ, ಹೆಣಿಗೆ ಚೆನ್ನಾಗಿಯೇ ಇದೆ ಎಂದರು. ಇಂಥವರಿಗೆ ಮುಂದೆ ತೆರೆದಿರುವುದೇ ಆಗಬೇಕು, ಸ್ವಾಧೀನ ತಪ್ಪಿದ ಕೈಯನ್ನು ಮೊದಲು ಹಾಕಬೇಕು, ಆಮೇಲೆ ಸರಿಯಿರುವ ಕೈ ಎಂದು ತಮ್ಮ ಕೈಯನ್ನೇ ಮಡಚಿ ತೋರಿಸಿದರು. ನನಗೆ ಹೆಣೆಯಲು ಬರುತ್ತದಲ್ಲ ಎಂದು ಈ ಸ್ವೆಟರಿನ ಬಗ್ಗೆ ಒಮ್ಮೆಯೂ ಅವರನ್ನು ಕೇಳಿರಲಿಲ್ಲ. ಈ ಸಲ ಕೇಳಿದೆ. ಇಬ್ಬರೂ ಜಗುಲಿಯಲ್ಲಿ ಕುಳಿತು ಮುಂಭಾಗವನ್ನೂ ಎಡತೋಳನ್ನೂ ಬಿಚ್ಚಿದೆವು. ಬಿಚ್ಚಿದ ನೂಲು ಗುಂಗುರಾಗಿ ನೆಲದ ಮೇಲೆ ಬಿತ್ತು.

ಅಷ್ಟರಲ್ಲಿ ಇನ್ನೊಂದು ತೊಂದರೆ ಕಂಡಿತು. ಅತ್ತೆಯ ಮುಷ್ಟಿಯೊಳಗೆ ಉಗುರು ಚುಚ್ಚಿ ಅಂಗೈ ಕೆಂಪಾಗಿತ್ತು, ಬೆವರು ನಿಂತು ವಾಸನೆ ಬರುತ್ತಿತ್ತು. ಬಟ್ಟೆಯ ಸುರುಳಿ ಇಡಿ ಎಂದು ವ್ಯಾಯಾಮ ಮಾಡಿಸಲು ಬರುವವರು ಹೇಳಿದ್ದರು. ಇಟ್ಟರೆ ಜಾರಿ ಬೀಳುತ್ತಿತ್ತು. ನಾನು ಹತ್ತಿಯ ನೂಲು ತಂದು ಬೆರಳಿಲ್ಲದ ಕೈಗವಸು ಹೆಣೆದೆ. ಅಂಗೈಯ ಕಡೆ ಒಂದು ಪುಟ್ಟ ಜೇಬು ಬಿಟ್ಟು ಬಟ್ಟೆಯ ಸುರುಳಿಯನ್ನು ಅದರೊಳಗೆ ತೂರಿಸಿದೆ. ಒಂದೇ ಕೈಗೆ ಬೇಕಾದದ್ದು. ಆದರೂ ಎರಡು ಮಾಡಿದೆ, ಒಂದು ತೊಳೆಯಲು ಹಾಕಿದಾಗ ಇನ್ನೊಂದು ಇರಲಿ ಎಂದು.

ಅದನ್ನು ಹಾಕುವುದೇ ಶನಿವಾರದ ದೊಡ್ಡ ಕೆಲಸವಾಯಿತು. ಉಗುರುಬೆಚ್ಚಗಿನ ನೀರಿನಲ್ಲಿ ಅವರ ಕೈ ಇಟ್ಟು, ಒಂದೊಂದೇ ಬೆರಳು ಬಿಡಿಸಿ, ಅಂಗೈ ಒರೆಸಿ, ಉಗುರು ಕತ್ತರಿಸಿ, ಗಾಳಿಗೆ ಒಣಗಿಸಿ, ಆಮೇಲೆ ಕೈಗವಸು. ಬೆರಳು ಬಿಡಿಸುವಾಗ ಅವಸರ ಮಾಡಿದರೆ ಮುಷ್ಟಿ ಇನ್ನೂ ಬಿಗಿಯುತ್ತದೆ. ಕಾಯಬೇಕು. ನಾನು ಅವರ ಕೈಯನ್ನು ಅಷ್ಟು ಹೊತ್ತು ಹಿಡಿದದ್ದು ಅದೇ ಮೊದಲು. ಅಂಗೈಯಲ್ಲಿ ಹಳೆಯ ಸುಟ್ಟ ಗಾಯದ ಗುರುತೊಂದಿತ್ತು. ಕೇಳಿದೆ. ಹೊಸದಾಗಿ ಮದುವೆಯಾಗಿ ಬಂದಾಗ ಅವರ ಅತ್ತೆಯ ಮನೆಯಲ್ಲಿ ಗಂಜಿಯ ಪಾತ್ರೆ ಇಳಿಸುವಾಗ ಆದದ್ದಂತೆ. ಆಗ ಯಾರೂ ನೋಡಲಿಲ್ಲ ಎಂದರು. ಅವರ ದನಿಯಲ್ಲಿ ದೂರು ಇರಲಿಲ್ಲ. ಉಳಿದ ಮಾತುಗಳ ನಡುವೆ ಅದನ್ನೂ ಹೇಳಿದರು, ಅಷ್ಟೆ.

ಸ್ವೆಟರ್ ಎರಡನೇ ಸಲ ಮುಗಿಯಿತು. ಮುಂದೆ ತೆರೆದದ್ದು, ದೊಡ್ಡ ಗುಂಡಿಗಳದ್ದು, ಎಡತೋಳು ಅಗಲ. ಎಡಗೈ ಮೊದಲು ಹಾಕಿದೆ. ಸರಾಗವಾಗಿ ಹೋಯಿತು. ಅತ್ತೆ ಬಲಗೈಯಿಂದ ಗುಂಡಿಗಳನ್ನು ತಾವೇ ಹಾಕಿಕೊಂಡು, ಕನ್ನಡಿ ತಾ ಎಂದರು. ನೋಡಿ, ಪೋಲೀಸರ ಹಾಗೆ ಕಾಣ್ತೇನೆ ಎಂದರು. ಆ ದಿನದಿಂದ ಅದನ್ನು ಮೈಮೇಲಿಂದ ತೆಗೆಯಲು ಬಿಡುತ್ತಿರಲಿಲ್ಲ. ನೋಡಿಕೊಳ್ಳುವ ಹೆಂಗಸು ನನಗೆ ಫೋನ್ ಮಾಡಿ, ಅಮ್ಮ ಸ್ನಾನಕ್ಕೂ ಸ್ವೆಟರ್ ಬಿಚ್ಚುವುದಿಲ್ಲ, ನೀವೇ ಹೇಳಿ ಎಂದು ದೂರು ಕೊಟ್ಟಳು. ನಾನು ಕಚೇರಿಯ ವರಾಂಡದಲ್ಲಿ ನಿಂತು ನಕ್ಕೆ. ಬಹಳ ದಿನಗಳ ಮೇಲೆ ಮೈ ಹಗುರಾದ ಹಾಗಾಯಿತು.

ಆ ಹಗುರ ಬಾಳಿದ್ದು ಸ್ವಲ್ಪವೇ ದಿನ. ಮುಂದಿನ ತಪಾಸಣೆಗೆ ಹೋದಾಗ ಸೆಕೆಯಲ್ಲಿ ಸ್ವೆಟರ್ ಹಾಕಿ ಬಂದ ಅತ್ತೆಯನ್ನು ಹೊಸ ಡಾಕ್ಟರೊಬ್ಬರು ನೋಡಿ ರಕ್ತ ಪರೀಕ್ಷೆ ಬರೆದುಕೊಟ್ಟರು. ಥೈರಾಯ್ಡ್ ತುಂಬ ಕಡಿಮೆಯಿತ್ತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಪುಟ್ಟ ಮಾತ್ರೆ. ಒಂದೆರಡು ತಿಂಗಳಲ್ಲಿ ಅತ್ತೆಯ ಚಳಿ ಬಿಟ್ಟುಹೋಯಿತು. ಫ್ಯಾನ್ ಹಾಕಿ ಎಂದು ಅವರೇ ಹೇಳತೊಡಗಿದರು.

ಒಳ್ಳೆಯದೇ ಆಯಿತು. ಎಲ್ಲರಿಗೂ ಹಾಗೆಯೇ ಹೇಳಿದೆ. ಆದರೆ ಒಂದು ಶನಿವಾರ ಅತ್ತೆಯ ಕೋಣೆಗೆ ಹೋದಾಗ ಕುರ್ಚಿಯ ಮೇಲೆ ಮಡಚಿಟ್ಟ ಸ್ವೆಟರನ್ನು ನೋಡಿ ನನಗೆ ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಿಲ್ಲ. ಮೊದಲೇ ಒಂದು ಪರೀಕ್ಷೆ ಮಾಡಿಸಬೇಕೆಂದು ನಮಗ್ಯಾಕೆ ಹೊಳೆಯಲಿಲ್ಲ? ಅಷ್ಟು ತಿಂಗಳು ನಾನು ಹೆಣೆದೆ, ಅವರು ನಡುಗಿದರು.

"ನೀನೇ ಹಾಕು," ಎಂದರು ಅತ್ತೆ. "ಆಫೀಸಿನಲ್ಲಿ ತಣ್ಣಗೆ ಗಾಳಿ ಬರ್ತದೆ ಅಂತ ಹೇಳ್ತಿದ್ದಿ ಅಲ್ವಾ."

"ನಿಮಗೆ ಮಾಡಿದ್ದು ಅತ್ತೆ. ನನಗೆ ಒಂದು ತೋಳು ಅಗಲ ಆಗ್ತದೆ."

"ಆಗಲಿ. ಯಾರು ನೋಡ್ತಾರೆ?"

ಹಾಕಿದೆ. ಅವರ ತಲೆಗೆಣ್ಣೆಯ ವಾಸನೆ ಬಂತು. ಕಚೇರಿಯಲ್ಲಿ ಅದೇ ಹಾಕಿ ಕೂರುತ್ತೇನೆ. ಅಗಲದ ಎಡತೋಳನ್ನು ಮಡಚಿ ಪಿನ್ ಚುಚ್ಚುತ್ತೇನೆ.

ಮುಷ್ಟಿಗೆ ಮಾತ್ರೆ ಇರಲಿಲ್ಲ. ಕೈಗವಸು ಉಳಿಯಿತು. ಹಳೆಯವು ಸಡಿಲವಾದಾಗ ಹೊಸದು ಹೆಣೆಯಬೇಕಾಗುತ್ತಿತ್ತು. ಈ ವರ್ಷ ನನ್ನ ಮಣಿಕಟ್ಟೇ ನೋಯತೊಡಗಿತು. ಟೈಪ್ ಮಾಡಿ ಮಾಡಿಯೋ, ಹೆಣೆದು ಹೆಣೆದೋ. ಒಂದು ಭಾನುವಾರ ಊಟವಾದ ಮೇಲೆ, ಚೀಲ ತುಂಬಿ ಬಾಗಿಲ ಹತ್ತಿರ ಇಟ್ಟು, ಉಳಿದ ಒಂದು ಗಳಿಗೆಯಲ್ಲಿ ನಾಲ್ಕು ಸಾಲು ಹಾಕೋಣವೆಂದು ಅತ್ತೆಯ ಪಕ್ಕ ಕುಳಿತೆ. ಎರಡನೇ ಸಾಲಿಗೇ ಕಡ್ಡಿ ಕೆಳಗಿಟ್ಟು ಮಣಿಕಟ್ಟು ಒತ್ತಿಕೊಂಡೆ. ಅತ್ತೆ, ಸ್ವಲ್ಪ ದಿನ ಇದನ್ನು ನಿಲ್ಲಿಸ್ತೇನೆ, ಕೈಲಾಗುವುದಿಲ್ಲ ಎಂದೆ.

"ನಿಲ್ಲಿಸು. ಬೇಕಾದಷ್ಟು ಮಾಡಿದ್ದಿ," ಎಂದರು. ಬಲಗೈ ಊರಿ, ಕಷ್ಟದಿಂದ ಗೋಡೆಯ ಕಡೆ ಸರಿದರು. "ಬಾ, ಇಲ್ಲಿ ಮಲಗು."

ಮಂಚ ಸಣ್ಣದು. ರೈಲಿನ ಹೊತ್ತಾಯಿತು ಎಂದೆ. ಒಂದು ಗಳಿಗೆ ಎಂದರು. ಮಲಗಿದೆ. ಫ್ಯಾನ್ ತಿರುಗುತ್ತಿತ್ತು. ಕೈಗವಸು ಹಾಕಿದ ಅವರ ಕೈ ನನ್ನ ಭುಜಕ್ಕೆ ತಾಗುತ್ತಿತ್ತು.

ಎಚ್ಚರವಾದಾಗ ಹೊರಗೆ ಬೆಳಕು ಇಳಿದಿತ್ತು. ಗಂಡ ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದರು. ಯಾಕೆ ಎಬ್ಬಿಸಲಿಲ್ಲ ಎಂದೆ. ಎಬ್ಬಿಸಲು ಎರಡು ಸಲ ಬಂದೆ, ಅಮ್ಮ ಬಿಡಲಿಲ್ಲ ಎಂದರು. ಅತ್ತೆ ಕಣ್ಣು ಮುಚ್ಚಿದ್ದರು, ನಿದ್ದೆ ಬಂದಿರಲಿಲ್ಲ.

"ಹೋದದ್ದು ರೈಲು ತಾನೆ," ಎಂದರು. "ನಾಳೆಯೂ ಉಂಟು. ಚಹಾ ಕುಡಿ."

ಕಚೇರಿಯವರಿಗೆ ಬೆಳಿಗ್ಗೆ ಬರಲು ತಡವಾಗುತ್ತದೆಂದು ಸಂದೇಶ ಕಳಿಸಿದೆ. ಚಹಾ ಕುಡಿದು, ಲೋಟವನ್ನು ಕಿಟಕಿಯ ಮೇಲಿಟ್ಟು, ಮತ್ತೆ ಅಲ್ಲೇ ಮಲಗಿದೆ.