ಅಣ್ಣ ಮಾರಲೊಪ್ಪದ ವಿಳಾಸ

ಅಣ್ಣನ ಹೆಬ್ಬೆರಳಿನ ಉಗುರು ಅಡ್ಡಕ್ಕೆ ಅಗಲ, ಉದ್ದಕ್ಕೆ ಮೋಟು, ಹುರಿದ ಹುಣಸೆ ಬೀಜದ ಹಾಗೆ. ಅಪ್ಪನದೂ ಹಾಗೇ ಇತ್ತು, ನನ್ನದೂ ಹಾಗೇ ಇದೆ. ಫೋನಿನ ಮೇಲೆ ಅವನು ಆ ಬೆರಳು ಒತ್ತಿದರೆ ಒಂದು ಅಕ್ಷರದ ಜಾಗದಲ್ಲಿ ಎರಡು ಬೀಳುತ್ತಿದ್ದವು. ಆಗ ಬೆರಳನ್ನು ಎತ್ತಿ ನೋಡಿಕೊಂಡು, “ಅಪ್ಪ ಕೊಟ್ಟ ಆಸ್ತಿ ಕಣೇ. ಇದರಲ್ಲಿ ಪಾಲು ಇರೋದು ನಿನಗೊಬ್ಬಳಿಗೇ” ಎನ್ನುತ್ತಿದ್ದ.

ಅಣ್ಣ ಇಂಟರ್‌ನೆಟ್ ವಿಳಾಸಗಳನ್ನು ಕೊಂಡು ಮಾರುತ್ತಿದ್ದ. ಒಂದು ಕಂಪನಿಯನ್ನು ನೋಡಲು ನಾವು ಟೈಪ್ ಮಾಡುತ್ತೇವಲ್ಲ, ಕೊನೆಗೆ ಡಾಟ್ ಕಾಮ್ ಅಂತ ಇರುವುದು, ಅದೇ. ಯಾರೂ ಹಿಡಿಯದ ವಿಳಾಸವನ್ನು ಯಾರು ಬೇಕಾದರೂ ವರ್ಷದ ಬಾಡಿಗೆ ಕಟ್ಟಿ ಇಟ್ಟುಕೊಳ್ಳಬಹುದು. ಮುಂದೆ ಅದೇ ಬೇಕೆಂದು ಬರುವವರಿಗೆ ಒಳ್ಳೆಯ ಬೆಲೆಗೆ ಬಿಟ್ಟುಕೊಡಬಹುದು. ಅಣ್ಣ ಹಿಡಿಯುತ್ತಿದ್ದದ್ದು ಜೀನುಗಳಿಗೆ ಸಂಬಂಧಪಟ್ಟವನ್ನು ಮಾತ್ರ. ಟೆಕ್ಸಸ್‌ನಲ್ಲಿ, ಡಾಲಸ್ ಪಕ್ಕದ ಇರ್ವಿಂಗ್‌ನಲ್ಲಿ, ಲ್ಯಾಬುಗಳಿಗೆ ಸಾಮಾನು ಕಳಿಸುವ ಗೋದಾಮಿನಲ್ಲಿ ಅವನಿಗೆ ಕೆಲಸ. ಹ್ಯೂಸ್ಟನ್ನಿಗೆ, ಆಸ್ಟಿನ್ನಿಗೆ ಹೋಗುವ ತಣ್ಣನೆಯ ಡಬ್ಬಿಗಳ ಮೇಲೆ ಜೀನ್ ಕತ್ತರಿಸುವುದು, ಜೀನ್ ತಿದ್ದುವುದು ಎಂದೆಲ್ಲ ಹೊಸ ಪದಗಳು ಬರತೊಡಗಿದ್ದನ್ನು ನೋಡಿ ಅವನಿಗೆ ಈ ಹುಚ್ಚು ಹತ್ತಿತು.

ಇದು ನನ್ನ ತಲೆಗೆ ಹೋಗಲಿಲ್ಲವೆಂದು ಒಂದು ಭಾನುವಾರ ಊರಾಚೆ ಲಿಟಲ್ ಎಲ್ಮ್ ಕಡೆ ಕರೆದುಕೊಂಡು ಹೋದ. ಸರೋವರದ ಪಕ್ಕ ದೊಡ್ಡ ಬಯಲು. ರಸ್ತೆ ಹಾಕಿ, ಬೀದಿ ದೀಪ ನಿಲ್ಲಿಸಿ ಆಗಿತ್ತು. ಮನೆ ಒಂದೂ ಇರಲಿಲ್ಲ.

“ನೋಡು, ಇಲ್ಲಿಗೆ ಜನ ಬರ್ತಾರೆ ಅಂತ ದೀಪ ಹಾಕಿದೋನಿಗೆ ಗೊತ್ತು. ನಂದೂ ಅಷ್ಟೇ.”

“ನೀನು ದೀಪನೂ ಹಾಕಿಲ್ವಲ್ಲಣ್ಣ. ಬರೀ ಬೋರ್ಡ್ ನೆಟ್ಟು ಕೂತಿದೀಯ.”

ಸ್ಟಿಯರಿಂಗ್ ಬಡಿದುಕೊಂಡು ನಕ್ಕ. ಇಂಡಿಯನ್ ಅಂಗಡಿಯಲ್ಲಿ ಸಿಕ್ಕ ಗೆಳೆಯರೂ ಅವನನ್ನು ಬಿಡುತ್ತಿರಲಿಲ್ಲ. “ಏನ್ ಸ್ವಾಮಿ, ಈ ವಾರ ಯಾವ ಜೀನ್‌ಗೆ ಬೇಲಿ ಹಾಕಿದ್ರಿ?” ಎಂದು ಕೇಳುವರು. ಅವನು ಕೊತ್ತಂಬರಿ ಸೊಪ್ಪು ಆರಿಸುತ್ತಲೇ, “ನಿಮ್ಮ ಬೋಳು ತಲೆ ಜೀನ್ ಒಂದು ಉಳಿದಿದೆ, ಯಾರೂ ಕೇಳ್ತಿಲ್ಲ” ಎನ್ನುವನು.

ಒಂದು ವಿಳಾಸ ಕೊಳ್ಳುವ ಮೊದಲು ನನಗೆ ಫೋನ್ ಮಾಡುತ್ತಿದ್ದ. ನಾನು ಮನೆಯಲ್ಲಿ ಹೋಳಿಗೆ, ಚಪಾತಿ ಮಾಡಿ ಕೊಡುವವಳು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಕೈಕೊಟ್ಟಿತು, ಅಲ್ಲಿಗೆ ನನ್ನ ಓದು ಮುಗಿಯಿತು. ನಂಜನಗೂಡಿನಿಂದ ನನ್ನನ್ನೂ ನನ್ನ ಗಂಡನನ್ನೂ ಇಲ್ಲಿಗೆ ಕರೆಸಿಕೊಂಡವನು ಅಣ್ಣನೇ. ಅವನು ಮದುವೆಯಾಗಲಿಲ್ಲ, ಊಟಕ್ಕೆ ನಮ್ಮ ಮನೆಗೇ ಬರುತ್ತಿದ್ದ.

“ಒಂದು ಹೇಳ್ತೀನಿ, ಬರ್ಕೋ.”

“ಕೈಯೆಲ್ಲ ಹಿಟ್ಟಾಗಿದೆ ಅಣ್ಣ.”

“ಹಿಟ್ಟಲ್ಲೇ ಬರಿ.”

ಮಣೆಯ ಮೇಲೆ ಹರಡಿದ ಹಿಟ್ಟಿನಲ್ಲಿ ಇಂಗ್ಲಿಷ್ ಅಕ್ಷರ ಬರೆದು ಒಂದೊಂದಾಗಿ ಓದಿ ಹೇಳುತ್ತಿದ್ದೆ. ಸರಿಯಾಗಿದ್ದರೆ ಕೊಳ್ಳುವನು, ತಪ್ಪಿದರೆ ಬಿಡುವನು. “ನೀನು ಕೇಳಿ ಬರೆದ್ರೆ ಇಡೀ ಟೆಕ್ಸಸ್ ಬರೆಯುತ್ತೆ” ಎಂದು ಎಲ್ಲರೆದುರು ಹೇಳುತ್ತಿದ್ದ. ಅವನ ಮನಸ್ಸಿನಲ್ಲಿ ಅದು ಹೊಗಳಿಕೆ. ನಾನೂ ನಗುತ್ತಿದ್ದೆ. ಆದರೆ ಹೋಳಿಗೆ ಒಯ್ಯಲು ಬಂದವರು ನಕ್ಕಾಗ ಕಿವಿ ಬಿಸಿಯಾಗುತ್ತಿತ್ತು. ನನ್ನ ದಡ್ಡತನವನ್ನೇ ಅಳತೆಗೋಲು ಮಾಡಿಕೊಂಡಿದ್ದಾನೆ ಎಂದು ಒಳಗೇ ಕುದಿಯುತ್ತಿದ್ದೆ. ಅವನಿಗೆ ಅದನ್ನು ಒಂದು ದಿನವೂ ಹೇಳಲಿಲ್ಲ.

ಆಯುಧಪೂಜೆ ಅವನಿಗೆ ವರ್ಷದ ದೊಡ್ಡ ದಿನ. ಎಲ್ಲರೂ ಕಾರಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರೆ ಇವನು ಲ್ಯಾಪ್‌ಟಾಪಿಗೆ ಕುಂಕುಮ, ಒಂದು ಎಳೆ ಸೇವಂತಿಗೆ ಇಟ್ಟು ಕೂರುವನು. ಬ್ಯಾಂಕಿನಿಂದ ತಾನಾಗಿ ಬಾಡಿಗೆ ಹೋಗುವ ಏರ್ಪಾಡು ಇದೆಯಂತೆ; ಅದನ್ನು ಅವನು ಒಪ್ಪಲಿಲ್ಲ. “ಪೂಜೆ ಅಂದ್ರೆ ಕೈಯಾರೆ ಮುಟ್ಟಬೇಕು” ಎನ್ನುವನು. ಒಂದೊಂದೇ ವಿಳಾಸವನ್ನು ಗಟ್ಟಿಯಾಗಿ ಓದಿ, ಇರಲಿ ಅನ್ನಿಸಿದ್ದಕ್ಕೆ ಮುಂದಿನ ವರ್ಷದ ಬಾಡಿಗೆ ಕಟ್ಟಿ, ಬೇಡವಾದದ್ದಕ್ಕೆ ಕೈ ಮುಗಿದು ಬಿಡುತ್ತಿದ್ದ.

ಅವುಗಳಲ್ಲಿ ಒಂದು ನನ್ನ ಬಾಯಿಂದ ಹುಟ್ಟಿದ್ದು. ಊಟದ ಹೊತ್ತಿನಲ್ಲಿ ಅವನು ಜೀನ್ ತಿದ್ದುವ ಚಿಕಿತ್ಸೆಯ ಬಗ್ಗೆ ವಿವರಿಸುತ್ತಿದ್ದಾಗ, “ಅಂದ್ರೆ ರಕ್ತಾನೇ ರಿಪೇರಿ ಮಾಡ್ತಾರಾ?” ಎಂದೆ. ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಗೆ ಬಿಟ್ಟ. ನನ್ನ ಮಾತನ್ನೇ ಇಂಗ್ಲಿಷಿಗೆ ತಿರುಗಿಸಿ ಕೂತಲ್ಲೇ ಕೊಂಡ. ಆ ವಿಳಾಸವನ್ನು ಇಲ್ಲಿ ಬರೆಯುವುದಿಲ್ಲ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಹ್ಯೂಸ್ಟನ್ನಿನ ಒಂದು ಕಂಪನಿ ಅದನ್ನು ಕೇಳಿಕೊಂಡು ಬಂತು. ಅಣ್ಣ ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ. ಆದರೆ ಅದೇ ದಿನಗಳಲ್ಲಿ ದೇವಸ್ಥಾನದ ಊಟದ ಸಾಲಿನಲ್ಲಿ ಅವನಿಗೆ ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನ ಒಬ್ಬ ತಾಯಿ ಸಿಕ್ಕಳು. ಅವಳ ಮಗನಿಗೆ ಥಲಸ್ಸೀಮಿಯಾ. ಮೈಯಲ್ಲಿ ಸರಿಯಾದ ರಕ್ತ ಆಗುವುದಿಲ್ಲ, ಕೆಲವು ವಾರಕ್ಕೊಮ್ಮೆ ಬೇರೆಯವರ ರಕ್ತ ಹಾಕಿಸಲೇಬೇಕು. ಜೀನ್ ತಿದ್ದುವ ಚಿಕಿತ್ಸೆ ಬಂದಿದೆ. ಅದು ಯಾರಿಗೆ, ಎಲ್ಲಿ, ಅದರಲ್ಲಿ ನಿಜ ಯಾವುದು, ಸುಳ್ಳು ಯಾವುದು ಎಂದು ಹೇಳುವವರಿಲ್ಲದೆ ಅವಳು ಅಲೆಯುತ್ತಿದ್ದಳು. ಅಣ್ಣ ಕಂಪನಿಗೆ ಇಲ್ಲವೆಂದು ಹೇಳಿ ಆ ವಿಳಾಸವನ್ನು ಅವಳಂಥ ತಂದೆತಾಯಿಗಳಿಗೆ ಪುಕ್ಕಟೆ ಬಳಸಲು ಕೊಟ್ಟ; ವರ್ಷದ ಬಾಡಿಗೆ ತಾನೇ ಕಟ್ಟುತ್ತಿದ್ದ. ಅವರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ತಮಗೆ ಗೊತ್ತಾದದ್ದನ್ನೆಲ್ಲ ಅಲ್ಲಿ ಬರೆದರು. ಡಾಲಸ್, ಹ್ಯೂಸ್ಟನ್, ಆಸ್ಟಿನ್‌ನ ಕನ್ನಡ ಮನೆಗಳಲ್ಲಿ ಆ ವಿಳಾಸ ಬಾಯಿಂದ ಬಾಯಿಗೆ ಹೋಯಿತು.

ಆ ಕಂಪನಿ ಮತ್ತೊಮ್ಮೆ, ಇನ್ನೂ ಹೆಚ್ಚಿಗೆ ಕೊಡುತ್ತೇವೆಂದು ಬಂದಾಗ ನಾನೇ ಕೇಳಿದೆ, “ಕೊಟ್ಬಿಡಬಾರ್ದಾ ಅಣ್ಣ?”

“ಅದೀಗ ಖಾಲಿ ಇಲ್ವಲ್ಲೇ. ಒಳಗೆ ಜನ ಇದಾರೆ” ಎಂದ.

ಆ ವರ್ಷ ನವರಾತ್ರಿಯ ಹೊತ್ತಿಗೆ ಅವನ ಹೃದಯ ಕೆಟ್ಟಿತು. ಹ್ಯೂಸ್ಟನ್ನಿನಲ್ಲಿ ಆಪರೇಷನ್ ಆಯಿತು. ಆಸ್ಪತ್ರೆಯ ಹತ್ತಿರ ಒಂದು ರೂಮು ಹಿಡಿದು ನಾನು ಜೊತೆಗಿದ್ದೆ. ಆಯುಧಪೂಜೆಯ ಬೆಳಿಗ್ಗೆ ಹಾಸಿಗೆಯಿಂದಲೇ ಫೋನ್ ನನ್ನ ಕೈಗೆ ಕೊಟ್ಟು, ಹೇಗೆ ಕಟ್ಟಬೇಕೆಂದು ತೋರಿಸಿದ.

“ಈ ಸಲ ಪೂಜೆ ನಿಂದು. ಮಿಕ್ಕಿದ್ದೆಲ್ಲ ಹೋದ್ರೂ ಹೋಗ್ಲಿ, ಆ ಮಕ್ಕಳದ್ದೊಂದು ಬಿಡಬೇಡ.”

ರೂಮಿಗೆ ಬಂದು ಫೋನಿಗೆ ಕುಂಕುಮ ಇಟ್ಟೆ. ಬಾಡಿಗೆ ಕಟ್ಟಲಿಲ್ಲ.

ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ. ದುಡಿದು ಬಂದು ಆ ಪರದೆಯ ಮುಂದೆ ಕೂತು ಕೂತೇ ಅವನ ಎದೆ ಹಾಳಾಯಿತು ಎಂದು ನಾನು ನಂಬಿದ್ದೆ. ಎಲ್ಲ ಒಂದೇ ಸಲ ತೊಲಗಿದರೆ ಉಳಿದ ದಿನ ನೆಮ್ಮದಿಯಾಗಿ ಇರುತ್ತಾನೆ ಎಂದುಕೊಂಡೆ. ಹಿಟ್ಟಿನಲ್ಲಿ ಬರೆದ ಅಕ್ಷರಗಳ ಸಿಟ್ಟೂ ಅದರೊಳಗೆ ಇತ್ತು. ಸಂಜೆ ಅವನು “ಕಟ್ಟಿದ್ಯಾ?” ಎಂದಾಗ, “ಹೂಂ ಅಣ್ಣ, ಎಲ್ಲಾ ಆಯ್ತು” ಎಂದೆ. ಅವನು ಕಣ್ಣು ಮುಚ್ಚಿ ಮಲಗಿದ. ಒಳ್ಳೆಯದನ್ನೇ ಮಾಡಿದೆ ಅನ್ನಿಸಿತು.

ಆಪರೇಷನ್ ಗಾಯ ಕೀವುಗಟ್ಟಿ ಅವನು ವಾರಗಟ್ಟಲೆ ಆಸ್ಪತ್ರೆಯಲ್ಲೇ ಉಳಿಯಬೇಕಾಯಿತು. ಅಷ್ಟರಲ್ಲಿ ಆ ಪುಟ ಖಾಲಿಯಾಯಿತು. ಫ್ಲೂಗರ್‌ವಿಲ್‌ನ ತಾಯಿ ಅಣ್ಣನ ಫೋನಿಗೆ ಮೆಸೇಜ್ ಹಾಕಿದಳು: “ಅಂಕಲ್, ಪೇಜ್ ಓಪನ್ ಆಗ್ತಿಲ್ಲ.” ಅಂಕಲ್‌ಗೆ ಹುಷಾರಾದ ಮೇಲೆ ನೋಡ್ತಾರೆ ಎಂದು ನಾನೇ ಉತ್ತರ ಕೊಟ್ಟೆ. ಬಾಡಿಗೆ ಕಟ್ಟದಿದ್ದರೆ ವಿಳಾಸ ಅಳಿಸಿಹೋಗುತ್ತದೆ, ಅಷ್ಟೇ ಎಂದು ತಿಳಿದಿದ್ದೆ. ಹಾಗೆ ಕೈಬಿಟ್ಟವನ್ನು ಹಿಡಿಯಲು ಕಾದು ಕೂತವರಿರುತ್ತಾರೆ, ಅದರ ಮೇಲೆ ಜನ ಇಟ್ಟ ನಂಬಿಕೆಯೂ ಅದರ ಜೊತೆಗೇ ಅವರ ಪಾಲಾಗುತ್ತದೆ ಎಂಬುದು ಅಣ್ಣನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಕೇಳಲೂ ಇಲ್ಲ.

ಇನ್ನೂ ಕೆಲವು ವಾರ ಕಳೆದು, ಒಂದು ಮಧ್ಯಾಹ್ನ ನಾನು ಆಸ್ಪತ್ರೆಯ ಕ್ಯಾಂಟೀನಿನಲ್ಲಿದ್ದಾಗ ಅಣ್ಣನ ಫೋನಿಗೆ ಒಂದು ಕರೆ ಬಂತು. ಧಾರವಾಡದ ಕಡೆಯ ಮಾತು. ಹ್ಯೂಸ್ಟನ್ನಿನಲ್ಲೇ ಇರುವ ಒಬ್ಬ ತಂದೆ. ಯಾವುದೋ ಹಬ್ಬದ ಊಟದಲ್ಲಿ ಅಣ್ಣನೇ ಅವರಿಗೆ ಆ ವಿಳಾಸ ಹೇಳಿದ್ದನಂತೆ.

“ಅಣ್ಣಾರಿಲ್ಲೇನ್ರಿ? ನೀವು ತಂಗ್ಯಾರೇನ್ರಿ? ಅಕ್ಕಾರ, ನಿಮ್ಮ ಪೇಜಿನ್ಯಾಗ ಒಂದು ಕ್ಲಿನಿಕ್ ಐತಲ್ರಿ, ಮೆಕ್ಸಿಕೋದಾಗ. ಅವರಿಗೆ ರೊಕ್ಕಾ ಕಟ್ಟೇವ್ರಿ. ಮಗಳಿಗೆ ರಕ್ತಾ ಹಾಕ್ಸೂದು ಬಿಡ್ರಿ, ಹಾಕ್ಸಿದ್ರ ನಮ್ಮ ಔಷಧಾ ಹತ್ತೂದಿಲ್ಲ ಅಂದ್ರು. ಬಿಟ್ಟೇವ್ರಿ. ಇವತ್ತ ಸಾಲ್ಯಾಗ ಎಚ್ಚರ ತಪ್ಪಿ ಬಿದ್ದಾಳ. ಅವರು ಫೋನ್ ಎತ್ತವಲ್ರು.”

ಕೂತಿದ್ದವಳು ಎದ್ದು ನಿಂತೆ. “ರಕ್ತ ಹಾಕ್ಸಿ! ಈಗ್ಲೇ ಹಾಕ್ಸಿ!” ಎಂದು ಕೂಗಿದೆ. ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು.

“ದವಾಖಾನ್ಯಾಗೇ ಅದೀವ್ರಿ. ಹಾಕಾಕತ್ತಾರ. ಡಾಕ್ಟರು ಕೇಳಾಕತ್ತಾರ್ರಿ, ಯಾರ ಮಾತು ಕೇಳಿ ನಿಲ್ಲಿಸಿದ್ರಿ ಅಂತ. ಏನ್ ಹೇಳ್ಲಿ ಅಕ್ಕಾರ?”

ಅಣ್ಣನ ಕೈಲೇ ಮಾತಾಡಿಸ್ತೀನಿ ಎಂದೆ. ಅವರು ಫೋನಿಟ್ಟ ಮೇಲೆ ಆ ಪುಟವನ್ನು ತೆರೆದೆ. ತಾಯಂದಿರು ಬರೆದ ಕನ್ನಡದ ಸಾಲುಗಳು ಇದ್ದಂತೆಯೇ ಇದ್ದವು. ವಿಳಾಸ ಹಿಡಿದವರು ಎಲ್ಲಿಂದಲೋ ನಕಲು ತೆಗೆದು ಹಾಕಿದ್ದರು. ಅವುಗಳ ಕೆಳಗೆ ಬಿಳಿ ಕೋಟು ಹಾಕಿ ನಗುವ ಒಬ್ಬ ಗಂಡಸು, ಹಣ ಕಟ್ಟುವ ಹಸಿರು ಗುಂಡಿ. ನನ್ನ ಮಾತಿನಿಂದ ಹುಟ್ಟಿದ ಆ ಹೆಸರು ಎಲ್ಲದರ ಮೇಲೆ ದೊಡ್ಡದಾಗಿ ಇತ್ತು. ಮೇಲಿನ ಮಹಡಿಗೆ ಹೇಗೆ ಹತ್ತಿ ಹೋದೆನೋ ನೆನಪಿಲ್ಲ.

ಬಾಡಿಗೆ ಕಟ್ಟಿರಲಿಲ್ಲವೆಂಬುದನ್ನೂ ಸೇರಿಸಿ ಹೇಳಿದೆ. ಅಣ್ಣ ಪೂರ್ತಿ ಕೇಳಿದ.

“ಮಗು?”

“ರಕ್ತ ಹಾಕ್ತಿದಾರೆ.”

“ಫೋನ್ ಕೊಡು.”

ನಾನೇ ತಪ್ಪೊಪ್ಪಿಕೊಳ್ಳುತ್ತೇನೆ ಎಂದು ಬಾಯಿ ತೆರೆಯುವ ಮೊದಲೇ ಅವನು ಆ ತಂದೆಯ ಜೊತೆ ಮಾತು ಶುರುಮಾಡಿದ್ದ. “ಸರ್, ಆ ವಿಳಾಸ ನನ್ನ ಕೈಲಿಲ್ಲ. ತಪ್ಪು ನಂದೇ. ಆ ಪುಟದಲ್ಲಿರೋ ಒಂದು ಮಾತನ್ನೂ ಕೇಳಬೇಡಿ.” ಆ ಕಡೆಯ ಕೂಗು ನನಗೂ ಕೇಳಿಸಿತು. “ಮಾರ್ಕೊಂಡ್ರೇನ್ರಿ? ನಮ್ಮ ಮಕ್ಕಳ್ನ ಮಾರ್ಕೊಂಡ್ರೇನು?” ಅಣ್ಣ ಇಲ್ಲವೆನ್ನಲಿಲ್ಲ. “ಮಗು ಕಡೆ ನೋಡ್ಕೊಳ್ಳಿ ಸರ್” ಎಂದು ಇಟ್ಟ.

ಆಮೇಲೆ ನನ್ನತ್ತ ತಿರುಗಿದ. “ಬೇಕು ಅಂತಲೇ ಬಿಟ್ಯಾ?”

ಹೌದೆಂದು ತಲೆ ಆಡಿಸಿದೆ.

“ಇದೆಲ್ಲ ಸಾಕು ಅಂತ ನನಗೆ ಬೈದಿದ್ರೆ ಆಗ್ತಿತ್ತಲ್ಲೇ” ಎಂದ. ಅಷ್ಟೇ. ನಾನು ಅಳುವುದನ್ನು ಸ್ವಲ್ಪ ಹೊತ್ತು ನೋಡಿ, “ಹೋಗಿ ಏನಾದ್ರೂ ತಿಂದ್ಕೊಂಡ್ ಬಾ” ಎಂದ.

ಆ ಹುಡುಗಿ ಉಳಿದಳು. ಅಣ್ಣ ಹಾಸಿಗೆಯಲ್ಲೇ ಕೂತು ಫ್ಲೂಗರ್‌ವಿಲ್‌ನ ತಾಯಿಗೆ ಬೇರೊಂದು ವಿಳಾಸ ಕೊಡಿಸಿದ, ಸಿಕ್ಕಸಿಕ್ಕಲ್ಲಿ ದೂರು ಬರೆಸಿದ. ಅವಳು “ಹೇಗೆ ಕೈತಪ್ಪಿತು ಅಂಕಲ್?” ಎಂದದ್ದಕ್ಕೂ “ನಾನೇ ಬಿಟ್ಟೆನಮ್ಮ” ಎಂದ. ನಾನು ಪಕ್ಕದ ಕುರ್ಚಿಯಲ್ಲಿ ಕಿತ್ತಳೆ ಸುಲಿಯುತ್ತಿದ್ದೆ. ಆ ಮೋಸದ ಪುಟವನ್ನು ಮುಚ್ಚಿಸುವ ಹೊತ್ತಿಗೆ ಅಣ್ಣ ಇರಲಿಲ್ಲ. ಸಂಕ್ರಾಂತಿಗೆ ಮೊದಲೇ ಹೋಗಿಬಿಟ್ಟ.

ಇರ್ವಿಂಗ್‌ನಲ್ಲಿ ಅಂತ್ಯಸಂಸ್ಕಾರಕ್ಕೆ ಜನ ಕಡಿಮೆ ಬಂದರು. ಅವನ ಜೊತೆ ಅಂಗಡಿಯಲ್ಲಿ ನಗುತ್ತಿದ್ದವರೂ ಬರಲಿಲ್ಲ. ಬಂದ ಒಬ್ಬ ಆಂಟಿ ಹಿಂದಿನ ಸಾಲಿನಲ್ಲಿ ಪಿಸುಗುಟ್ಟಿದರು: “ಒಳ್ಳೆಯೋರೇ ಪಾಪ. ಆದ್ರೆ ಕೊನೆಗೆ ಆ ಮಕ್ಕಳದ್ದನ್ನೂ ಮಾರ್ಕೊಂಡ್ರಂತಲ್ಲ.” ನಾನು ಅವರ ಮುಂದಿನ ಕುರ್ಚಿಯಲ್ಲೇ ಇದ್ದೆ. ತಿರುಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಸೆರಗು ಸರಿಮಾಡಿಕೊಂಡೆ.

ಅವನು ನನ್ನ ತಪ್ಪನ್ನು ಮುಚ್ಚಿಟ್ಟ, ನಾನು ಅದರ ಮರೆಯಲ್ಲಿ ಬೆಚ್ಚಗೆ ಕೂತೆ. ಈಗ ಬರೆಯುತ್ತಿದ್ದೇನೆ: ಅಣ್ಣ ಅದನ್ನು ಮಾರಲಿಲ್ಲ, ಮರೆಯಲೂ ಇಲ್ಲ. ಗೊತ್ತಿದ್ದೂ ಬಿಟ್ಟವಳು ನಾನು.

ಇದನ್ನು ಬರೆಯುವ ಮೊದಲು ಹ್ಯೂಸ್ಟನ್ನಿನ ಆ ತಂದೆಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದು ಕಾದೆ.

“ಅಕ್ಕಾರ, ಅವರು ಹ್ವಾದ ಸುದ್ದಿ ನಮಗ ಬಂದಿತ್ರಿ” ಎಂದರು. “ನನ್ನ ಹೇಂತಿ ಹೋಗಿ ಬರೂಣು ಅಂದ್ಲು. ಅಂಥಾವನ ಮಾರಿ ನೋಡಬಾರದು ಅಂತ ನಾನೇ ತಡದೆ.” ಆಮೇಲೆ ಕೇಳಿದರು: “ಇದನ್ನ ಅವತ್ತ ಹೇಳಬಾರದಿತ್ತೇನ್ರಿ?”