ಕರೆಂಟ್ ಹೇಳದ ದಿನ

ನಮ್ಮ ಸರ್‌ಗೆ ಬೈಯಲು ಕಾರಣ ಬೇಕಿರಲಿಲ್ಲ, ಎದುರಿಗೆ ನಾನಿದ್ದರೆ ಸಾಕಿತ್ತು. ಮಂಗಳೂರಿನ ಒಂದು ಕಾಲೇಜಿನ ಭೌತಶಾಸ್ತ್ರ ಲ್ಯಾಬಿನಲ್ಲಿ ಅವರು ಪ್ರೊಫೆಸರ್, ನಾನು ಸಹಾಯಕಿ. ಅಳೆಯುವ ಉಪಕರಣಗಳನ್ನು ಸ್ವಂತ ಕೈಯಿಂದ ಕಟ್ಟುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಇದನ್ನು ಹೊಟ್ಟೆಕಿಚ್ಚಿನಿಂದಲೇ ಹೇಳುತ್ತೇನೆ.

ಅವರ ಜೀವವೆಲ್ಲ ಒಂದು ಕಪ್ಪು ಬಿಲ್ಲೆಯಲ್ಲಿತ್ತು. ಅಂಗಿಯ ಗುಂಡಿಯಷ್ಟು ದೊಡ್ಡದು, ಅವರೇ ಕುಲುಮೆಯಲ್ಲಿ ಸುಟ್ಟು ಮಾಡಿದ ಅತಿವಾಹಕ. ದ್ರವ ನೈಟ್ರೋಜನ್ನಿನ ಚಳಿಯಲ್ಲಿ ಅದು ವಿದ್ಯುತ್ತನ್ನು ಚೂರೂ ತಡೆಯದೆ ಬಿಡಬೇಕು, ಹಾಗಾಯಿತೆಂದು ಅವರ ಉಪಕರಣ ತೋರಿಸಬೇಕು. ನಮ್ಮೂರಿನ ತೇವದ ಗಾಳಿ ಅದಕ್ಕೆ ವಿಷ. ಒಂದು ಮಳೆಗಾಲದಲ್ಲಿ ಬಿಲ್ಲೆ ಇಡುವ ಭರಣಿಯ ಮುಚ್ಚಳ ಹಾಕಲು ನಾನು ಮರೆತು ಮೊದಲ ಬಿಲ್ಲೆ ಹಾಳಾಯಿತು. “ನಿನ್ನ ತಲೆಯಲ್ಲಿ ಎಂತ ಉಂಟು ಮಾರಾಯ್ತಿ, ಬೈಹುಲ್ಲಾ?” ಎಂದು ವಿದ್ಯಾರ್ಥಿಗಳೆದುರು ಕೇಳಿದರು. ಅವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಅಳೆಯುವಾಗ ನಮ್ಮದೊಂದು ಪದ್ಧತಿ. ಬಿಲ್ಲೆಯಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆ ಎಂದು ಮೊದಲು ನಾನು ಕೂಗಿ ಹೇಳಬೇಕು, ಆಮೇಲೆ ಅವರು ವೋಲ್ಟೇಜ್ ಓದುವುದು. ಕರೆಂಟ್ ಹರಿಯುತ್ತಿರುವಾಗಲೇ ವೋಲ್ಟೇಜ್ ಸೊನ್ನೆಯಾದರೆ ಬಿಲ್ಲೆ ಗೆದ್ದಂತೆ. ಕರೆಂಟೇ ಇಲ್ಲದಿದ್ದರೆ ವೋಲ್ಟೇಜ್ ಹೇಗೂ ಸೊನ್ನೆ, ಅದಕ್ಕೆ ಅರ್ಥವಿಲ್ಲ.

ಲ್ಯಾಬನ್ನು ಉಳಿಸುವುದೋ ಮುಚ್ಚುವುದೋ ಎಂದು ತೀರ್ಮಾನಿಸಲು ಹೊರಗಿನಿಂದ ಇಬ್ಬರು ತಜ್ಞರು ಬಂದರು. ಕೂಳೂರು ಸೇತುವೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ನಾನು ನೈಟ್ರೋಜನ್ ಫ್ಲಾಸ್ಕ್ ತರುವಾಗ ತಡವಾಗಿತ್ತು. ಅವರೆದುರೇ ಸರ್ ಸಿಡುಕಿದರು: “ಇವತ್ತು ನೀನು ಬಾಯಿ ಮುಚ್ಚಿ ನಿಂತರೆ ಸಾಕು.”

ನಿಂತೆ. ಬಿಲ್ಲೆ ತಣ್ಣಗಾಯಿತು. ವೋಲ್ಟೇಜ್ ತಟ್ಟನೆ ಸೊನ್ನೆಗೆ ಬಿತ್ತು. ಸರ್ ಅವರ ಕಣ್ಣಲ್ಲಿ ನೀರು ಬಂತು. ನನ್ನ ಕಡೆಯ ಮೀಟರಿನಲ್ಲಿ ಕರೆಂಟೂ ಸೊನ್ನೆ. ಚಳಿಗೆ ತಂತಿ ಬಿಟ್ಟುಹೋಗಿತ್ತು. ಒಂದು ಮಾತು ಹೇಳಿದ್ದರೆ ಜೋಡಿಸಿ ಮತ್ತೆ ಅಳೆಯಬಹುದಿತ್ತು. ನಾನು ಬಾಯಿ ಮುಚ್ಚಿಯೇ ನಿಂತೆ. ಖುಷಿಯಾಗಿತ್ತು.

ತಜ್ಞರಲ್ಲೊಬ್ಬರು ಸುತ್ತಿಬಂದು ನನ್ನ ಮೀಟರ್ ನೋಡಿದರು. “ಕರೆಂಟೇ ಇಲ್ಲವಲ್ಲ ಪ್ರೊಫೆಸರ್! ಹೀಗಾದರೆ ನಮ್ಮ ಮನೆಯ ಮರದ ಸೌಟೂ ಅತಿವಾಹಕವೇ!” ಎಲ್ಲರೂ ನಕ್ಕರು. ಸರ್ ನಗುವವರನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಮತ್ತೊಮ್ಮೆ ಅಳೆಯುವವರೆಗೆ ತಜ್ಞರು ಕಾಯಲಿಲ್ಲ, ಲ್ಯಾಬ್ ಮುಚ್ಚಬೇಕೆಂದು ಬರೆದುಕೊಟ್ಟು ಹೊರಟರು. ಸಂಜೆ ಸರ್ ಲ್ಯಾಬಿನ ಬೀಗದ ಕೈ ನನ್ನ ಮೇಜಿನ ಮೇಲಿಟ್ಟು ಹೋದರು.

ಮರುದಿನ ಬೆಳಿಗ್ಗೆ ಎಲ್ಲ ತೆರವು ಮಾಡಬೇಕಿತ್ತು. ಫ್ಲಾಸ್ಕಿನಲ್ಲಿ ಇನ್ನೂ ನೈಟ್ರೋಜನ್ ಉಳಿದಿತ್ತು. ಸುಮ್ಮನೆ ತಂತಿ ಜೋಡಿಸಿ ಸುರಿದೆ. ಕರೆಂಟ್ ಅಲುಗದೆ ನಿಂತಿತು, ವೋಲ್ಟೇಜ್ ಇಳಿದು ಇಳಿದು ಸೊನ್ನೆಯಾಯಿತು. ಮೂರು ಸಲ ನೋಡಿದೆ, ಮೂರು ಸಲವೂ ಅದೇ.

ಮಧ್ಯಾಹ್ನ ಶಕ್ತಿನಗರದ ಮನೆಯಿಂದ ಸರ್ ಫೋನ್ ಮಾಡಿದರು. ಅಷ್ಟು ಮೆತ್ತಗಿನ ದನಿಯಲ್ಲಿ ಅವರು ನನ್ನ ಹತ್ತಿರ ಯಾವತ್ತೂ ಮಾತಾಡಿದ್ದಿಲ್ಲ.

“ತಂತಿ ಸರಿ ಮಾಡಿ ಒಮ್ಮೆ ನೋಡ್ತೀಯಾ ಮಾರಾಯ್ತಿ? ನನಗೆ ಗೊತ್ತಾದರೆ ಸಾಕು, ಬೇರೆ ಯಾರಿಗೂ ಹೇಳುವುದು ಬೇಡ.”

“ನೋಡಿದೆ ಸರ್,” ಎಂದೆ. “ಎಂತ ಇಲ್ಲ ಅದರಲ್ಲಿ.”

ಫೋನ್ ಇಟ್ಟು ಬಿಲ್ಲೆಯನ್ನು ಭರಣಿಗೆ ಹಾಕಿದೆ. ಹೊರಗೆ ಮಳೆ ಹೊಯ್ಯುತ್ತಿತ್ತು. ಮುಚ್ಚಳ ಕೈಯಲ್ಲೇ ಇತ್ತು. ಹಾಕಲಿಲ್ಲ.